ಕರಗ್ತಾ ಐತಂತೆ

ಹಿರಿಯೂರಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆ ಒಂದು ಗಂಟೆಯಲ್ಲಿ ಏನೇನು ಕೆಡಬಹುದು ಅನ್ನುವುದನ್ನು ನಾನು ಟಿಕೆಟ್ ತಗೊಳ್ಳುವ ಮೊದಲೇ ಯೋಚಿಸಿ ಮುಗಿಸಿದ್ದೆ. ಬಸ್ಸಿನ ಬ್ರೇಕು ಹೋಗಬಹುದಿತ್ತು. ಐಮಂಗಲದ ಹತ್ತಿರ ಲಾರಿ ಮಗುಚಿಕೊಂಡು ರಸ್ತೆ ಕಟ್ಟಬಹುದಿತ್ತು. ಭಾವ ಬೀಡಿ ಹಚ್ಚಲಿಕ್ಕೆ ಅಂತ ಇಳಿದು ಅಲ್ಲೇ ಉಳಿದುಬಿಡಬಹುದಿತ್ತು. ಅಕ್ಕನನ್ನು ನೋಡಬೇಕಿದ್ದ ಕಣ್ಣಿನ ಡಾಕ್ಟರು ಯಾರದೋ ಮದುವೆಗೆ ಹೋಗಿರಬಹುದಿತ್ತು. ಇದ್ದರೂ ಕರೆಂಟು ಇಲ್ಲದಿರಬಹುದಿತ್ತು. ಕರೆಂಟಿದ್ದರೂ ಚೀಟಿಯಲ್ಲಿ ಎಡಗಣ್ಣಿಗೆ ಬದಲು ಬಲಗಣ್ಣು ಅಂತ ಬರೆದು ಸರಿಯಿದ್ದ ಕಣ್ಣಿಗೆ ಔಷಧಿ ಬಿಡಬಹುದಿತ್ತು. ಅಕ್ಕನಿಗೆ ಸಕ್ಕರೆ ಕಾಯಿಲೆ ಇರುವುದು ಅಲ್ಲಿ ಹೊಸದಾಗಿ ಗೊತ್ತಾಗಬಹುದಿತ್ತು. ನಾನು ಮೂರು ಸಲ ಎಳೆದು ನೋಡಿ ಬಂದಿದ್ದ ಅಂಗಡಿ ಶಟರಿನ ಬೀಗ ನಾಲ್ಕನೇ ಸಲ ಎಳೆದಿದ್ದರೆ ಬಿಚ್ಚಿಕೊಳ್ಳುತ್ತಿತ್ತೋ ಏನೋ. ಕೊನೆಗೆ, ಕಣ್ಣೇ ಒಡೆದು ಹೋಗಬಹುದಿತ್ತು. ಇದನ್ನು ಯೋಚಿಸಿದ ಮೇಲೆ ಬೀಗದ ಚಿಂತೆ ಸ್ವಲ್ಪ ಕಡಿಮೆಯಾಯಿತು.

ಹುಟ್ಟಾ ಚಿಂತೆಯ ಪ್ರಾಣಿ ನಾನು. ಮೆಡಿಕಲ್ ಶಾಪ್ ಇಟ್ಟವನಿಗೆ ಅದೊಂದು ಒಳ್ಳೆಯ ಗುಣ ಅಂತ ಜನ ತಿಳಿದಿದ್ದರು. ಪ್ರತಿ ಶೀಷೆಯ ತಾರೀಕು ನೋಡಿ, ಬೆಳಕಿಗೆ ಹಿಡಿದು, ಅಲ್ಲಾಡಿಸಿ ಕೊಡುತ್ತಿದ್ದೆ. ಹೆಂಡತಿ ಅನ್ನುತ್ತಿದ್ದಳು: "ನಿಮ್ ಕೈಲಿ ಒಂದ್ ಕೆಮ್ಮಿನೌಷ್ದಿ ಇಸ್ಕಳ್ಳಾಷ್ಟ್ರಲ್ಲಿ ಕೆಮ್ಮೇ ಹೋಗಿರ್ತೈತೆ." ಇಂಥವನು ಒಂದು ವಿಷಯದಲ್ಲಿ ಮಾತ್ರ ಚಿಂತೆ ಮಾಡಲಿಲ್ಲ. ಅದನ್ನೇ ಹೇಳಬೇಕು.

ನನಗಾಗ ನಲವತ್ತು ದಾಟಿತ್ತು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವ ಹೊಲಕ್ಕೆ ಹೋದರೆ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಅವಳನ್ನು ಆದಿವಾಲಕ್ಕೆ ಕೊಟ್ಟಿತ್ತು. ಭಾವನಿಗೆ ಸ್ವಲ್ಪ ಹೊಲ, ಜೊತೆಗೆ ಕುರಿ. ಸಂತೆಗೋ ಮತ್ತೊಂದಕ್ಕೋ ಹಿರಿಯೂರಿಗೆ ಬಂದಾಗಲೆಲ್ಲ ಅಕ್ಕ ಬಸ್‌ಸ್ಟ್ಯಾಂಡಿಂದ ನೇರ ನನ್ನ ಅಂಗಡಿಗೆ ಬಂದು, ಗಿರಾಕಿಗಳು ನಿಲ್ಲುವ ಜಾಗದಲ್ಲೇ ಸ್ಟೂಲು ಎಳಕೊಂಡು ಕೂರುವಳು. ಮಂಡಿ ನೋವಿಗೆ, ತಲೆನೋವಿಗೆ, ಹೊಟ್ಟೆ ಉಬ್ಬರಕ್ಕೆ ಅವಳಿಗೆ ಬೇರೆ ಡಾಕ್ಟರು ಇರಲಿಲ್ಲ. ನಾನು ಕೊಟ್ಟದ್ದನ್ನು ಏನು ಎಂತ ಅಂತ ಕೇಳದೆ ನುಂಗುವಳು.

ಆ ವರ್ಷ ರಾಗಿ ತೂರುವಾಗ ಅವಳ ಎಡಗಣ್ಣಿಗೆ ಹೊಟ್ಟು ಬಿತ್ತು. ಊರಲ್ಲಿ ಒಬ್ಬ ಅಜ್ಜಿ ನಾಲಿಗೆಯ ತುದಿಯಿಂದ ಕಣ್ಣಿನ ಕಸ ತೆಗೆಯುತ್ತಿದ್ದಳು. ಅವಳ ಹತ್ತಿರ ತೆಗೆಸಿಕೊಂಡಳು. ಹರಳೆಣ್ಣೆ ಬಿಟ್ಟುಕೊಂಡಳು. ಪಕ್ಕದ ಮನೆಯ ಬಾಣಂತಿಯ ಹಾಲನ್ನು ಎರಡು ತೊಟ್ಟು ಹಾಕಿಸಿಕೊಂಡಳು. ಮೂರನೇ ದಿನ ಅಂಗಡಿಗೆ ಬಂದಾಗ ಕಣ್ಣು ಕೆಂಡದ ಹಾಗಿತ್ತು.

"ಸೆರಗಲ್ಲಿ ಒರೆಸ್ಬ್ಯಾಡ ಅಕ್ಕಯ್ಯ" ಅಂದೆ.

"ಒರೆಸ್ದೆ ಏನ್ ನಿನ್ ಕೋಟಲ್ಲಿ ಒರೆಸ್ಲೇನಲೇ? ಉರಿ ತಡ್ಯಕಾಗಂಗಿಲ್ಲ. ಏನಾರ ಕೊಡು."

ನಮ್ಮ ಕಡೆ ಅಂಗಡಿಯ ಭಾಷೆಯಲ್ಲಿ ಅದಕ್ಕೆ 'ಕೆಂಪಿಳಿಸೋ ಡ್ರಾಪ್ಸ್' ಅಂತ ಹೆಸರು. ಸ್ಟೀರಾಯ್ಡು. ಬೇಸಿಗೆಯ ಧೂಳಿಗೆ ನನ್ನ ಕಣ್ಣಿಗೆ ಕೆರೆತ ಬಂದಾಗ ನಾನೇ ಹಾಕಿಕೊಳ್ಳುತ್ತಿದ್ದೆ. ಎರಡು ದಿನಕ್ಕೆ ಕಣ್ಣು ಹಾಲಿನಂತೆ ಬೆಳ್ಳಗಾಗುತ್ತಿತ್ತು. ಪೆಟ್ಟು ಬಿದ್ದ ಕಣ್ಣಿಗೆ, ಹುಣ್ಣಾದ ಕಣ್ಣಿಗೆ ಡಾಕ್ಟರನ್ನು ಕೇಳದೆ ಇದನ್ನು ಹಾಕಬಾರದು ಅಂತ ಡಬ್ಬಿಯ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ. ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ. ಆದರೂ ಕೊಟ್ಟೆ. ಕೊಡುವಾಗ ತಾರೀಕು ನೋಡಿದೆ, ಮೂತಿ ರೆಪ್ಪೆಗೆ ತಾಗಿಸಬೇಡ ಅಂದೆ, ಮುಚ್ಚಳ ಬಿಗಿ ಮಾಡು ಅಂದೆ, ಬಿಸಿಲಲ್ಲಿ ಇಡಬೇಡ ಅಂದೆ. ಔಷಧಿ ಒಂದನ್ನು ಬಿಟ್ಟು ಅದರ ಸುತ್ತಲಿನ ಎಲ್ಲದರ ಬಗ್ಗೆ ಚಿಂತೆ ಮಾಡಿದೆ.

ಎರಡೇ ದಿನಕ್ಕೆ ಕೆಂಪು ಇಳಿಯಿತು. ನಮ್ಮಲ್ಲಿ ಕಾಯಿಲೆ ಅನ್ನುವುದು ಇಳಿಯುವ ವಸ್ತು. ಜ್ವರ ಇಳಿಯುತ್ತೆ, ಬಾವು ಇಳಿಯುತ್ತೆ, ಕೆಂಪು ಇಳಿಯುತ್ತೆ. ಇಳಿದ ಮೇಲೆ ಅದು ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. "ನಿನ್ ಕೈಗುಣ ಬಲು ಒಳ್ಳೇದಂತೆ ಕಣಪ್ಪ" ಅಂತ ಆದಿವಾಲದ ಗಿರಾಕಿಯೊಬ್ಬರು ಅಕ್ಕನ ಮಾತು ತಂದರು. ನಾಲ್ಕು ದಿನ ಆ ಮಾತಿನ ಮೇಲೇ ಬದುಕಿದೆ.

ಎಂಟನೇ ದಿನ ಬೆಳಿಗ್ಗೆ ಭಾವ ಅಕ್ಕನನ್ನು ಕರಕೊಂಡು ಬಂದ. ಕಣ್ಣು ಅಷ್ಟೇನೂ ಕೆಂಪಾಗಿರಲಿಲ್ಲ. ಆದರೆ ಕರಿಗುಡ್ಡೆಯ ಮೇಲೆ, ನಡುವಿಗೆ ಸ್ವಲ್ಪ ಕೆಳಗೆ, ಜೋಳದ ಕಾಳಿನಷ್ಟು ಬಿಳಿ.

"ಹೂ ಬಿದ್ದೈತೆ" ಅಂದ ಭಾವ, ಹವಾಮಾನ ಹೇಳುವವನ ಹಾಗೆ. "ಕುರಿಗೆ ಬೀಳ್ತಾವಲ್ಲ, ಹಂಗೇ. ನಾವು ಉಪ್ಪು ಅಗ್ದು ಕಣ್ಣಿಗೆ ಉಗುಳಿಬಿಡ್ತೀವಿ. ಎಂಟ್ ದಿನಕ್ಕೆ ಕರಗೋಗ್ತೈತೆ. ಇವ್ಳು ಉಗುಳಿಸ್ಕಳಕೆ ಒಪ್ಲಿಲ್ಲ."

"ನಿನ್ ಬೀಡಿ ಬಾಯಿ ಉಗುಳು ನನ್ ಕಣ್ಣಿಗಾ?" ಅಂದಳು ಅಕ್ಕ.

ನಾನು ನಗಲಿಲ್ಲ. "ದುರ್ಗಕ್ಕೆ ಹೋಗಾಣ, ಏಳ್ರಿ ಭಾವ" ಅಂದೆ. ಆ ಬಸ್ಸೇ ಮೊದಲು ಹೇಳಿದ ಬಸ್ಸು. ಬ್ರೇಕು ಸರಿಯಾಗಿತ್ತು. ಡಾಕ್ಟರು ಇದ್ದರು, ಕರೆಂಟೂ ಇತ್ತು.

ಡಾಕ್ಟರು ನನ್ನ ವಯಸ್ಸಿನ ಹೆಂಗಸು, ಮೆಲುದನಿ. ಅಕ್ಕನ ಗದ್ದವನ್ನು ಮೆಷಿನ್ನಿನ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು. ಹುಣ್ಣಾಗಿದೆ, ಹೊಟ್ಟಿನ ಜೊತೆ ಬೂಷ್ಟು ಒಳಗೆ ಹೋಗಿರುವ ಹಾಗಿದೆ, ಹಳಸಿದ ಅನ್ನದ ಮೇಲೆ ಬರುವ ಬೂಷ್ಟಿನ ಜಾತಿಯದೇ ಅಂದರು. ಆಮೇಲೆ ಕೇಳಿದರು: "ಇಲ್ಲಿತನಕ ಕಣ್ಣಿಗೆ ಏನೇನು ಹಾಕಿದ್ದೀರಾ? ಒಂದೂ ಬಿಡದೆ ಹೇಳಿ."

"ಹರಳೆಣ್ಣೆ ರೀ. ಎದೆಹಾಲು ಹಾಕಿಸ್ಕಂಡಿದ್ದೆ."

"ಅಂಗಡಿಯಿಂದ ಡ್ರಾಪ್ಸ್ ಏನಾದರೂ?"

ಅಕ್ಕ ನನ್ನ ಕಡೆ ತಿರುಗಲೂ ಇಲ್ಲ. "ಇಲ್ರೀ. ಹಳ್ಳಿ ಜನ ನಾವು, ಅದೆಲ್ಲ ಎಲ್ಲಿಂದ."

ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಬಾಯಿ ತೆರೆಯಲು ನನಗೆ ಪೂರ್ತಿ ಅರ್ಧ ನಿಮಿಷ ಇತ್ತು. ಆ ಅರ್ಧ ನಿಮಿಷದಲ್ಲಿ ನನ್ನ ಲೈಸೆನ್ಸು ಹೋಯಿತು, ಅಂಗಡಿಗೆ ಸೀಲು ಬಿತ್ತು, ಪೇಪರಿನಲ್ಲಿ ಬಂತು, ಮಕ್ಕಳು ಶಾಲೆಯಲ್ಲಿ ತಲೆ ತಗ್ಗಿಸಿದರು. ಎಲ್ಲ ತಲೆಯೊಳಗೇ. ಹೊರಗೆ ನಾನು ಗೋಡೆಯ ಮೇಲಿನ ಅಕ್ಷರದ ಪಟ ನೋಡುತ್ತಾ, ಕೆಳಗಿನ ಸಾಲು ನನಗೆ ಕಾಣುತ್ತದಾ ಅಂತ ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ. ಡಾಕ್ಟರು "ಸರಿ" ಅಂದು ಬರೆದುಕೊಂಡರು.

ಅಡ್ಮಿಟ್ ಮಾಡಿಕೊಂಡರು. ಗಂಟೆಗೊಂದು ಸಲ ಔಷಧಿ ಬಿಡಬೇಕು. ಭಾವ ಉಳಿದ, ನಾನು ಅಂಗಡಿ ಇದೆ ಅಂತ ಹಿರಿಯೂರಿಗೆ ಬಂದೆ. ಡಾಕ್ಟರು ನೋಡುತ್ತಿದ್ದಾರೆ, ನಾನು ಕೊಟ್ಟ ಡ್ರಾಪ್ಸ್ ಹೇಗೂ ಈಗ ನಿಂತಿದೆ, ಇನ್ನು ಹೇಳಿ ಆಗುವುದೇನು ಅಂತ ಬಸ್ಸಿನುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ನಾಲ್ಕನೇ ದಿನ ಮಧ್ಯಾಹ್ನ ಆಸ್ಪತ್ರೆ ಎದುರಿನ ಬೂತಿನಿಂದ ಭಾವ ಅಂಗಡಿಗೆ ಫೋನು ಮಾಡಿದ.

"ಏನಪ್ಪ, ಡಾಕ್ಟ್ರಮ್ಮ ಬಂದು ನೋಡಿದ್ರು. ಕರಗ್ತಾ ಐತಂತೆ."

"ಹೌದಾ ಭಾವ? ಏನಂದ್ರು ಸರಿಯಾಗ್ ಹೇಳ್ರಿ."

"ಅದೇ ಅಂದ್ರು. ಕರಗ್ತಾ ಐತೆ, ನಿಲ್ಲವಲ್ದು ಅಂದ್ರು. ನಿನ್ನ ಬರಕೆ ಹೇಳಿದ್ರು, ಏನೋ ಕೇಳ್ಬೇಕಂತೆ. ನಾಳೆ ನಾಡಿದ್ದು ಬಾ, ಅವಸ್ರ ಇಲ್ಲ."

ನಾನು ಫೋನಿಟ್ಟು ಗೋಡೆಯ ದೇವರ ಪಟಕ್ಕೆ ಕೈ ಮುಗಿದೆ. ನಿಲ್ಲದೆ ಕರಗುತ್ತಾ ಇದೆ; ಇದಕ್ಕಿಂತ ಏನು ಬೇಕು. ನನ್ನ ಕೌಂಟರಿನಲ್ಲಿ ಕರಗುವುದು ಅಂದರೆ ಒಳ್ಳೆಯ ಸುದ್ದಿ. ಕಫ ಕರಗುತ್ತೆ, ಗಡ್ಡೆ ಕರಗುತ್ತೆ, ಮೂತ್ರಕೋಶದ ಕಲ್ಲು ಕರಗುತ್ತೆ. ಭಾವನ ಹಟ್ಟಿಯಲ್ಲೂ ಅಷ್ಟೇ, ಕುರಿಯ ಕಣ್ಣಿನ ಹೂ ಕರಗುತ್ತೆ. ಔಷಧಿ ಮಾರುವವನಿಗೂ ಕುರಿ ಕಾಯುವವನಿಗೂ ಆ ಮಾತಿಗೆ ಬೇರೆ ಅರ್ಥ ಇರಲಿಲ್ಲ. ಮನೆಗೆ ಸ್ವೀಟು ತಗೊಂಡು ಹೋದೆ.

"ಏನ್ ಕರಗ್ತಾ ಐತಂತೆ?" ಅಂದಳು ಹೆಂಡತಿ, ಪೊಟ್ಟಣ ಬಿಚ್ಚದೆ.

"ಹೂ."

"ಹೂ ಅಂತ ಡಾಕ್ಟ್ರೇ ಅಂದ್ರಾ?"

"ಮತ್ತೆ ಇನ್ನೇನು ಕರಗಕೆ ಐತೆ ಅಲ್ಲಿ?"

ಅವಳು ಪೊಟ್ಟಣವನ್ನು ಹಾಗೇ ಗೂಡಿನಲ್ಲಿ ಇಟ್ಟಳು. ಆ ಪ್ರಶ್ನೆ ನನ್ನ ಬಾಯಿಂದಲೇ ಬಂದದ್ದು, ನನ್ನನ್ನೇ ಕಚ್ಚಿಕೊಂಡಿತು. ಆದರೂ ಮರುದಿನ ಬೆಳಿಗ್ಗೆ ಅಂಗಡಿ ತೆರೆದೆ, ಮಧ್ಯಾಹ್ನದವರೆಗೆ ಮಾರಿದೆ, ಆಮೇಲೆ ಹೊರಟೆ. ಹೆಚ್ಚುಕಮ್ಮಿ ಒಂದು ಇಡೀ ದಿನ. ಈಗಲೂ ನನ್ನ ಚಿಂತೆಗಳೆಲ್ಲ ಸುತ್ತಾಡಿ ಬಂದು ಆ ಒಂದು ದಿನದಲ್ಲಿ ಕೂರುತ್ತವೆ.

ವಾರ್ಡಿನಲ್ಲಿ ಅಕ್ಕ ಗೋಡೆಗೆ ಮುಖ ಮಾಡಿ ಕೂತಿದ್ದಳು. ಭಾವ ಊಟಕ್ಕೆ ಹೋಗಿದ್ದ. ನಾನು ಹತ್ತಿರ ಹೋದಾಗ ಅವಳು ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದಿಂದ ಪುಟ್ಟ ಶೀಷೆ ತೆಗೆದು, ತಲೆ ಹಿಂದಕ್ಕೆ ಮಾಡಿ, ಎಡಗಣ್ಣಿಗೆ ಬಿಟ್ಟುಕೊಂಡಳು. ಮೂತಿ ರೆಪ್ಪೆಗೆ ತಾಗಿಸಲಿಲ್ಲ. ಮುಚ್ಚಳ ಬಿಗಿ ಮಾಡಿದಳು. ನಾನು ಹೇಳಿಕೊಟ್ಟ ಹಾಗೇ.

"ಅಕ್ಕಯ್ಯ, ಅದೇನದು?"

ಅವಳು ಬೆಚ್ಚಿ, ಆಮೇಲೆ ನಕ್ಕಳು. "ನೀನಾ? ನರ್ಸಮ್ಮ ಅನ್ಕಂಡೆ. ನೀನ್ ಕೊಟ್ಟಿದ್ದೇ ಕಣಪ್ಪ. ಇವ್ರ್ದು ಹಾಕಿದ್ರೆ ಬರೀ ಉರಿ. ಇದ್ ಬಿಟ್ಕಂಡ್ರೆ ತಣ್ಣಗಾಗ್ತೈತೆ. ದಿನಕ್ ಎರಡ್ ಸಲ, ಕದ್ದು."

"ಬಂದಾಗಿಂದಾನಾ?"

"ಹೂಂ. ನಿನ್ ಹೆಸ್ರು ಹೇಳಿಲ್ಲ ಬಿಡು, ಯಾಕ್ ಹಂಗ್ ನೋಡ್ತೀಯಾ? ನಿಂಗೇನಾರ ತೊಂದ್ರೆ ಆದೀತು ಅಂತ ನಿಮ್ ಭಾವಂಗೂ ಹೇಳಿಲ್ಲ."

ಅವಳ ಕೈಯಿಂದ ಶೀಷೆ ಕಿತ್ತುಕೊಂಡೆ. ಕೊಟ್ಟಿದ್ದನ್ನು ಕಿತ್ತುಕೊಂಡದ್ದು ಯಾಕೆ ಅಂತ ಅವಳಿಗೆ ಅರ್ಥವಾಗಲಿಲ್ಲ. ಡಾಕ್ಟರ ರೂಮಿನ ತನಕ ಹದಿನೈದು ಹೆಜ್ಜೆ ಇದ್ದೀತು. ನನ್ನ ಜೀವಮಾನದಲ್ಲಿ ಮೊದಲ ಸಲ ಹೋಗುವ ದಾರಿಯಲ್ಲಿ ಏನನ್ನೂ ಯೋಚಿಸಲಿಲ್ಲ. ಶೀಷೆಯನ್ನು ಮೇಜಿನ ಮೇಲೆ ಇಟ್ಟು, "ಇದನ್ನ ನಾನೇ ಕೊಟ್ಟಿದ್ದು, ಇವತ್ತಿನ ತನಕ ಹಾಕ್ತಾ ಇದಾಳೆ" ಅಂದೆ.

ಅವರು ಲೇಬಲ್ಲು ಓದಿದರು. ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ, ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತು ಉಜ್ಜಿಕೊಂಡರು.

"ಅದಕ್ಕೇ ನಿಮ್ಮನ್ನ ನಿನ್ನೇನೇ ಬರೋಕೆ ಹೇಳಿದ್ದು. ನಾನು ಕೊಡ್ತಾ ಇರೋ ಔಷಧಿಗೆ ಇಷ್ಟು ಹೊತ್ತಿಗೆ ಬಗ್ಗಬೇಕಿತ್ತು, ಬಗ್ಗಲಿಲ್ಲ. ಇನ್ನೇನೋ ಕಣ್ಣಿಗೆ ಬೀಳ್ತಾ ಇದೆ ಅನ್ನಿಸ್ತು. ಕರಗ್ತಾ ಇದೆ ಅಂತ ನಿಮ್ಮ ಭಾವನಿಗೆ ಹೇಳಿ ಕಳಿಸಿದ್ದೆ."

"ಹೂ ಕರಗ್ತಾ ಇದೆ ಅಂತ ನಾವು..."

"ಹೂ ಅಲ್ಲ ರೀ. ಕಣ್ಣು."

ಆಮೇಲೆ ಅವರು ನನ್ನನ್ನು ಕೂರಿಸಿ ಹೇಳಿದ್ದನ್ನು ಇವತ್ತಿಗೂ ಒಂದಕ್ಷರ ಬಿಡದೆ ಹೇಳಬಲ್ಲೆ. ಗಾಯ ಆದ ಜಾಗಕ್ಕೆ ಮೈ ತನ್ನ ಬಿಳಿ ರಕ್ತಕಣಗಳನ್ನು ಕಳಿಸುತ್ತೆ. ಅವು ಬರುವಾಗ ಕಿಣ್ವ ತರುತ್ತವೆ, ಸತ್ತ ಮಾಂಸವನ್ನು ಕರಗಿಸಿ ತೆಗೆಯಲಿಕ್ಕೆ. ಕರಿಗುಡ್ಡೆಯ ಮೇಲಿನ ಗಾಜಿನಂಥ ಪೊರೆ ಇದೆಯಲ್ಲ, ಅದು ಸಣ್ಣ ಎಳೆಗಳ ನೇಯ್ಗೆ. ಕಿಣ್ವಕ್ಕೆ ಸತ್ತ ಎಳೆ ಯಾವುದು ಜೀವ ಇರುವ ಎಳೆ ಯಾವುದು ಅಂತ ಗೊತ್ತಾಗುವುದಿಲ್ಲ. ಸಿಕ್ಕಿದ್ದನ್ನೆಲ್ಲ ಕತ್ತರಿಸುತ್ತಾ ಹೋಗುತ್ತೆ.

ಬುದ್ಧಿ ಕೆಟ್ಟವನು, ಆಗಲೂ ವಾದ ಮಾಡಿದೆ. "ಸ್ಟೀರಾಯ್ಡು ಊತ ಇಳಿಸುತ್ತೆ, ಊತ ಇಳಿದ್ರೆ ಕಿಣ್ವಾನೂ ಕಡಿಮೆ ಆಗ್ಬೇಕಲ್ವಾ ಮೇಡಂ? ನಾವು ಓದಿದ್ದು ಹಂಗೇ."

"ನೀವು ಓದಿದ್ದು ಸುಳ್ಳಲ್ಲ. ಊದಿದ ಮಂಡಿಯಲ್ಲಿ ಹಾಗೇ ಆಗುತ್ತೆ. ಧೂಳಿಗೆ ಕೆರೆಯೋ ಕಣ್ಣಲ್ಲೂ ಹಾಗೇ. ಆದರೆ ಇಲ್ಲಿ ಒಳಗೆ ಬೂಷ್ಟು ಕೂತಿದೆ. ಅದನ್ನ ತಡೀತಾ ಇದ್ದ ಬಿಳಿ ಕಣಗಳನ್ನ ನಿಮ್ಮ ಡ್ರಾಪ್ಸು ಮನೆಗೆ ಕಳಿಸಿಬಿಡ್ತು. ಬೂಷ್ಟು ತನ್ನದೇ ಕಿಣ್ವ ಸುರಿಯೋಕೆ ಶುರು ಮಾಡ್ತು. ಹೊಸ ಎಳೆ ನೇಯಬೇಕಾದ ಜೀವಕೋಶಗಳ ಕೈಯನ್ನೂ ಅದೇ ಡ್ರಾಪ್ಸು ಕಟ್ಟಿಹಾಕ್ತು. ನಿಮಗೆ ಕಂಡಿದ್ದು ಕೆಂಪು ಇಳಿದದ್ದು ಮಾತ್ರ." ಶೀಷೆಯನ್ನು ಬದಿಗೆ ಸರಿಸಿ ಸೇರಿಸಿದರು: "ಹಾಗಂತ ಸ್ಟೀರಾಯ್ಡು ಇಲ್ಲದ ಇನ್ನೊಂದು ನೋವಿನ ಡ್ರಾಪ್ಸ್ ಬರುತ್ತಲ್ಲ, ಅದನ್ನ ಕೊಡೋಕೆ ಹೋಗ್ಬೇಡಿ. ಹುಣ್ಣಿದ್ದ ಕಣ್ಣಲ್ಲಿ ಅದರಿಂದಲೂ ಹೀಗೆ ಕರಗಿದ್ದನ್ನ ನಾನು ನೋಡಿದೀನಿ."

ಚೀಟಿಯಲ್ಲಿ ಹೊಸದಾಗಿ ಒಂದು ಮಾತ್ರೆ ಬರೆದರು. ನೋಡಿದರೆ ಡಾಕ್ಸಿಸೈಕ್ಲಿನ್. ಜ್ವರಕ್ಕೆ, ಮೊಡವೆಗೆ ನಾನು ಡಬ್ಬಿಗಟ್ಟಲೆ ಮಾರಿದ್ದು. ಬೂಷ್ಟಿಗೆ ಇದು ನಾಟುವುದಿಲ್ಲವಲ್ಲ ಅಂದೆ. ಬೂಷ್ಟು ಕೊಲ್ಲೋಕಲ್ಲ ಅಂದರು. ಆ ಕಿಣ್ವ ಕೆಲಸ ಮಾಡಬೇಕಾದರೆ ಒಂದು ಚೂರು ಸತು ಬೇಕು, ಈ ಮಾತ್ರೆ ಆ ಸತುವನ್ನು ಹಿಡಿದುಕೊಳ್ಳುತ್ತೆ, ಕತ್ತರಿ ಮೊಂಡಾಗುತ್ತೆ. ಹದಿನೆಂಟು ವರ್ಷ ಆ ಮಾತ್ರೆ ನನ್ನ ತಲೆಯ ಮೇಲಿನ ಹಲಗೆಯಲ್ಲೇ ಇತ್ತು. ಅದಕ್ಕೆ ಇಂಥದೊಂದು ಗುಣ ಇದೆ ಅಂತ ನನಗೆ ಗೊತ್ತಿರಲಿಲ್ಲ. ಕೆಂಪಿಳಿಸೋ ಡ್ರಾಪ್ಸಿಗೆ ಇಂಥದೊಂದು ದುರ್ಗುಣ ಇದೆ ಅಂತ ಗೊತ್ತಿತ್ತು. ಯಾವುದು ಗೊತ್ತಿರಬೇಕಿತ್ತೋ ಅದು ಗೊತ್ತಿದ್ದೂ ಉಪಯೋಗಕ್ಕೆ ಬರಲಿಲ್ಲ.

"ಕಣ್ಣು ಉಳಿಯುತ್ತಾ?" ಅಂದೆ.

"ಅರ್ಧಕ್ಕಿಂತ ಹೆಚ್ಚು ದಪ್ಪ ಕರಗಿಹೋಗಿದೆ. ತೂತಾದರೆ ಕಣ್ಣು ತೆಗೀಬೇಕಾಗಬಹುದು. ಇನ್ನು ನಾಲ್ಕೈದು ದಿನ ಕೆಮ್ಮಬಾರದು, ಬಗ್ಗಬಾರದು, ಉಜ್ಜಬಾರದು."

ಅಂಗಡಿ ಮುಚ್ಚಿದೆ. ಹಾಸಿಗೆ ಪಕ್ಕದಲ್ಲಿ ಕೂತು ಗಂಟೆಗೊಂದು ಸಲ ನರ್ಸನ್ನು ಕರೆದೆ. ಅಕ್ಕ ಕೆಮ್ಮಿದರೆ ಎದ್ದು ನಿಲ್ಲುತ್ತಿದ್ದೆ. ಅವಳಿಗೆ ವಿಷಯ ಹೇಳಿದ್ದು ಎರಡನೇ ದಿನ. ನಾನು ಕೊಟ್ಟಿದ್ದರಿಂದಲೇ ಹೀಗಾಯಿತು ಅಂದೆ. ಪಟ್ಟಿ ಕಟ್ಟಿದ ಮುಖ, ಏನು ಯೋಚಿಸುತ್ತಿದ್ದಾಳೆ ಅಂತ ತಿಳಿಯುವಂತಿರಲಿಲ್ಲ.

"ನೀನೇನ್ ಬೇಕು ಅಂತ ಕೊಟ್ಯಾ" ಅಂದಳು.

"ಇಲ್ಲ. ಆದ್ರೆ ನಂಗೆ ಗೊತ್ತಿತ್ತು ಅಕ್ಕಯ್ಯ."

"ಗೊತ್ತಿದ್ದೂ ಕೊಟ್ಯಾ?"

ನಾನು ಗಡಿಯಾರ ನೋಡಿದೆ, ಔಷಧಿಯ ಗಂಟೆಗೆ ಇನ್ನೂ ಹೊತ್ತಿತ್ತು. ಭಾವ ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. "ಉಪ್ಪು ಉಗುಳಿಸ್ಕಂಡಿದ್ರೆ ಆಗಿರದು" ಅಂದ. ಬೇರೆ ದಿನವಾಗಿದ್ದರೆ ಅವನ ಮೇಲೆ ಹರಿಹಾಯುತ್ತಿದ್ದೆ. ಅವತ್ತು ಅವನ ಉಗುಳು ಓದಿದವನ ಔಷಧಿಗಿಂತ ಕಡಿಮೆ ಅಂತ ಯಾವ ಮುಖ ಇಟ್ಟುಕೊಂಡು ವಾದ ಮಾಡಲಿ.

ಶೀಷೆ ಕಿತ್ತುಕೊಂಡ ಆರನೇ ದಿನ ಡಾಕ್ಟರು ಮೆಷಿನ್ನಿನಿಂದ ಮುಖ ತೆಗೆದು, "ನಿಂತಿದೆ" ಅಂದರು. ಈ ಸಲ ನಾನು, ಏನು ನಿಂತಿದೆ ಮೇಡಂ, ಅಂತ ಕೇಳಿ ಖಾತ್ರಿ ಮಾಡಿಕೊಂಡೆ. ಕರಗುವುದು ನಿಂತಿತ್ತು. ಈರುಳ್ಳಿಯ ಒಳಪೊರೆಯಷ್ಟು ಉಳಿದಿತ್ತಂತೆ. ಇನ್ನೂ ಎರಡು ವಾರ ಇಟ್ಟುಕೊಂಡು ಕಳಿಸಿದರು. ಕಣ್ಣು ಉಳಿಯಿತು, ದೃಷ್ಟಿ ಹೋಯಿತು. ಕರಿಗುಡ್ಡೆಯ ತುಂಬ ಬಿಳಿಯ ಕಲೆ. ಹಗಲು ರಾತ್ರಿ ತಿಳಿಯುತ್ತೆ, ಎದುರಿಗೆ ಯಾರಾದರೂ ಕೈ ಆಡಿಸಿದರೆ ತಿಳಿಯುತ್ತೆ. ಪೊರೆ ಬದಲಾಯಿಸುವ ಆಪರೇಷನ್ ಮುಂದೆ ಮಾಡಿಸಬಹುದು ಅಂದರು. ಅಕ್ಕ ಒಪ್ಪಲಿಲ್ಲ. "ಒಂದೈತಲ್ಲ, ಸಾಕು. ಕುರಿ ಎಣ್ಸಕೆ ಎಷ್ಟ್ ಕಣ್ ಬೇಕು" ಅಂದಳು.

ಅವಳು ನನ್ನ ಮೇಲೆ ಸಿಟ್ಟಾಗಲಿಲ್ಲ. ಊರಲ್ಲಿ ಯಾರ ಹತ್ತಿರವೂ ನನ್ನ ಹೆಸರು ಎತ್ತಲಿಲ್ಲ. ಹೊಟ್ಟು ಬಿದ್ದು ಹೋಯಿತು ಅಂತಲೇ ಹೇಳಿದಳು. ಹಿರಿಯೂರಿಗೆ ಬಂದರೆ ಮೊದಲಿನ ಹಾಗೇ ಅಂಗಡಿಗೆ ಬಂದು, ಸ್ಟೂಲು ಎಳಕೊಂಡು, ಈಗ ಎಡಗಡೆಗೆ ಗೋಡೆ ಬರುವ ಹಾಗೆ ಕೂರುವಳು. ಚೀಟಿ ಇಲ್ಲದೆ ಕಣ್ಣಿನ ಔಷಧಿ ಕೊಡುವುದನ್ನು ನಾನು ನಿಲ್ಲಿಸಿದ್ದೆ. ಗಿರಾಕಿಗಳು ಗೊಣಗಿಕೊಂಡು ಎದುರಿನ ಅಂಗಡಿಗೆ ಹೋಗಿ ಅದೇ ಡ್ರಾಪ್ಸು ತಗೊಂಡು, ನನಗೆ ಕಾಣುವ ಹಾಗೆ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು.

ಇಷ್ಟೆಲ್ಲ ಕೆಡಬಹುದಾಗಿದ್ದು, ಕೆಟ್ಟಿದ್ದು, ಕೆಡದೆ ಉಳಿದದ್ದು ಎಲ್ಲ ಆದ ಮೇಲೆ ಒಂದು ಮಧ್ಯಾಹ್ನ ಅಕ್ಕ ಹಾಗೇ ಕೂತಿದ್ದಳು. ರಸ್ತೆಯಲ್ಲಿ ಲಾರಿ ಹೋಯಿತು, ಧೂಳೆದ್ದಿತು. ಅವಳ ಬಲಗಣ್ಣಲ್ಲಿ ನೀರು ಬಂತು.

"ಏನೋ ಬಿತ್ತು ನೋಡಪ್ಪ" ಅಂದಳು.

ನಾನು ಹೊಸ ಬಾಟಲಿಯ ಸೀಲು ಒಡೆದೆ. "ಬರೀ ಉಪ್ಪುನೀರು ಅಕ್ಕಯ್ಯ, ಔಷಧಿ ಅಲ್ಲ. ತಲೆ ಹಿಂದಕ್ಕೆ ಮಾಡು" ಅಂದೆ. ಅವಳು ತಲೆ ಹಿಂದಕ್ಕೆ ಮಾಡಿದಳು. ನಾನು ಬಗ್ಗಿದೆ. ಅವಳ ಕೈ ಮೇಲೆ ಬಂದು ಬಲಗಣ್ಣನ್ನು ಮುಚ್ಚಿಕೊಂಡಿತು.

"ಅಯ್ಯೋ, ಕೈ ಅದಾಗೇ ಬಂತು ಕಣಪ್ಪ" ಅಂತ ಅವಳೇ ನಕ್ಕು ಕೈ ಇಳಿಸಿದಳು. "ಹಾಕು, ಹಾಕು."

ನಾನು ಮತ್ತೆ ಬಗ್ಗಿದೆ. ಕೈ ಮತ್ತೆ ಬಂತು.